ಏಳು ತಪ್ಪುಗಳ ಪತ್ರ

ಜುಲೈ 16

ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಇದು ಅರ್ಜೆಂಟಿನಲ್ಲಿ ಬರೆದ ಪತ್ರ. ಮಾರ್ಕ್ಸ್ ಹಾಕುವಾಗ ಸ್ವಲ್ಪ ಕೈ ಸಡಿಲ ಬಿಡು. ನೀನು ತಿದ್ದಿದ ಹೋದ ಸಲದ ಪತ್ರ ವಾಪಸ್ ಬಂದಾಗ ರೂಮಿನವರೆಲ್ಲ ನೋಡಿಬಿಟ್ಟರು. ಒಂದು ಪುಟಕ್ಕೆ ಹದಿನಾಲ್ಕು ಕಡೆ ಕೆಂಪು ಗೆರೆ, ಕೊನೆಯಲ್ಲಿ 'ಹತ್ತಕ್ಕೆ ಐದೂವರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.' ನನ್ನ ಪಕ್ಕದ ಮಂಚದವಳು ಬಿದ್ದು ಬಿದ್ದು ನಕ್ಕಳು. ಸದಾ ಕಿಟಕಿಯಲ್ಲೇ ಕೂತಿರುತ್ತಾಳೆಂದು ಅವಳಿಗೆ ಕಿಟಕಿ ಎಂದೇ ಹೆಸರು. "ನಿಮ್ಮಮ್ಮ ಪತ್ರ ಓದ್ತಾರಾ, ಪೇಪರ್ ವ್ಯಾಲ್ಯುಯೇಷನ್ ಮಾಡ್ತಾರಾ?" ಎಂದಳು. ಏಳನೇ ವಯಸ್ಸಿಗೇ ನನ್ನನ್ನು ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಹಾಕಿದ್ದರು, ಅಲ್ಲಿ ನಮ್ಮ ಭಾಷೆ ಹೇಳಿಕೊಡುವವರಿರಲಿಲ್ಲ, ಅಮ್ಮ ಹನ್ನೊಂದು ವರ್ಷ ಪೋಸ್ಟಿನಲ್ಲೇ ಹೇಳಿಕೊಟ್ಟಳು ಎಂದೆ. ಅವಳು ನಗು ನಿಲ್ಲಿಸಿ, "ನಮ್ಮಮ್ಮ ಎದುರಿಗಿದ್ದೂ ಏನೂ ಹೇಳಿಕೊಡ್ಲಿಲ್ಲ ಬಿಡು" ಎಂದಳು.

ಇಲ್ಲಿ ಫೋನು ಭಾನುವಾರ ಹತ್ತೇ ನಿಮಿಷ. ಅಷ್ಟರಲ್ಲಿ ನೀನು 'ಊಟ ಆಯ್ತಾ, ತಲೆಗೆ ಎಣ್ಣೆ ಹಾಕ್ಕೊಂಡ್ಯಾ' ಎಂದು ಮುಗಿಸುವುದರೊಳಗೆ ವಾರ್ಡನ್ ಕೈಚಾಚಿರುತ್ತಾರೆ. ಪತ್ರವೇ ವಾಸಿ.

ಕಾಲೇಜಿನ ವಿಷಯ ಕೇಳಿದ್ದೆಯಲ್ಲ. ಟೀಚರಾಗುವುದನ್ನು ಕಲಿಸುವ ಕಾಲೇಜಿನಲ್ಲಿ ಟೀಚರುಗಳೇ ಇಲ್ಲ ಅಮ್ಮ. ಒಂಬತ್ತು ಜನ ಇರಬೇಕಾದಲ್ಲಿ ನಾಲ್ಕು ಜನ. ಮಕ್ಕಳ ಮನಸ್ಸಿನ ಪಾಠ ಮಾಡುವವರು ರಿಟೈರ್ ಆಗಿ ಮೂರು ವರ್ಷವಾಯಿತಂತೆ, ಅದನ್ನು ಆಟದ ಸರ್ ಗೈಡ್ ಹಿಡಿದು ಓದುತ್ತಾರೆ. ನಡುವೆ 'ಚಿತ್ರ ನೋಡಿ' ಎಂದು ಬಂದರೆ ಅದನ್ನೂ ಓದುತ್ತಾರೆ. ನಾವು ಅದನ್ನೂ ಬರೆದುಕೊಳ್ಳುತ್ತೇವೆ. ಪಾಠಯೋಜನೆಯ ರೆಕಾರ್ಡನ್ನು ಇಲ್ಲಿ ಯಾರೂ ಬರೆಯುವುದಿಲ್ಲ, ಸೀನಿಯರ್‌ಗಳಿಂದ ಇಳಿದು ಬರುತ್ತದೆ, ರಟ್ಟು ಬದಲಾಯಿಸಿದರಾಯಿತು. ಕಿಟಕಿಗೆ ಸಿಕ್ಕಿರುವುದರಲ್ಲಿ ನಾವು ಹುಟ್ಟುವ ಮೊದಲಿನ ತಾರೀಕಿದೆ.

ನಂಗೆ ತುಂಬಾ ಟೆನ್ಷನ್ ಆಗುತ್ತಿದೆ. ಮುಂದಿನ ವಾರದಿಂದ ಪ್ರಾಕ್ಟೀಸ್ ಪಾಠ. ಹತ್ತಿರದ ಸರ್ಕಾರಿ ಶಾಲೆ, ನಾಲ್ಕನೇ ಕ್ಲಾಸು, ಮೂವತ್ತೊಂದು ಮಕ್ಕಳು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರೂ ಅಂಗೈ ಬೆವರಿ ಚಾಕ್‌ಪೀಸ್ ಒದ್ದೆಯಾಗುತ್ತದೆ. ಬೇರೆ ಏನಾದರೂ ಓದು, ಈ ಕೆಲಸ ಬೇಡ ಎಂದು ನೀನು ಎಷ್ಟು ಹೇಳಿದೆ. ಯಾಕೆ ಬೇಡ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ.

ಅಪ್ಪನಿಗೆ ಹೇಳು, ಅವರು ಕಳಿಸಿದ ಬೀಗ ಟ್ರಂಕಿಗೆ ಸರಿಯಾಗಿ ಕೂರುತ್ತದೆ.

ನಿನ್ನ
ಮಗಳು


ಜುಲೈ 25

ಪುಟ್ಟೀ,

ಪತ್ರ ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಆರೂವರೆ. ಗಡಿಬಿಡಿಯಲ್ಲಿ ಬರೆದರೆ ನಿನ್ನ ವಾಕ್ಯಗಳು ಉದ್ದವಾಗುವುದಿಲ್ಲ, ಅದು ಒಳ್ಳೆಯದು. ಇನ್ನು ಮೇಲೆ ಗಡಿಬಿಡಿಯಲ್ಲೇ ಬರೆ.

"ತಾಯಿ ಮಗಳು ಮಾತಾಡ್ಕೊಳ್ಳೋದಕ್ಕೂ ಪರೀಕ್ಷೆ ಇಡ್ತೀಯಲ್ಲೇ" ಎಂದು ನಿಮ್ಮಪ್ಪ ಎಂದಿನಂತೆ ಗೊಣಗಿದರು. ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವವರಿಗೆ ಒಂದು ನಟ್ಟು ಸಡಿಲವಿದ್ದರೆ ನಿದ್ದೆ ಬರುವುದಿಲ್ಲ, ನಾನು ಒಂದು ಒತ್ತಕ್ಷರ ತಿದ್ದಿದರೆ ಮಾತ್ರ ತಪ್ಪು.

ನಮ್ಮ ಶಾಲೆಯಲ್ಲಿ ಈಗ ಇಬ್ಬರೇ. ಹೆಡ್‌ಮಿಸ್ ಎನ್ನುವ ಬೋರ್ಡು ನನ್ನ ಮೇಜಿನ ಮೇಲಿದೆ, ಐದು ಕ್ಲಾಸುಗಳು ನಮ್ಮಿಬ್ಬರ ತಲೆಯ ಮೇಲಿವೆ. ಈ ತಿಂಗಳು ಮನೆ ಮನೆ ಎಣಿಕೆಗೆಂದು ಒಂಬತ್ತು ದಿನ ಕಳಿಸಿದರು. ಎಷ್ಟು ಬಾಗಿಲು, ಎಷ್ಟು ನಲ್ಲಿ, ಎಷ್ಟು ದನ. ವಾಪಸ್ ಬಂದಾಗ ಎರಡನೇ ಕ್ಲಾಸಿನವನೊಬ್ಬ "ಹೊಸ ಮಿಸ್ಸಾ?" ಎಂದ. ಎಣಿಕೆ ಮುಗಿಯಿತು ಎನ್ನುವಷ್ಟರಲ್ಲಿ ತರಬೇತಿ. ಮಕ್ಕಳಿಗೆ ಸಂತೋಷದಿಂದ ಕಲಿಸುವುದು ಹೇಗೆ ಎಂದು ಮೂರು ದಿನ ಹೇಳಿದರು. ಆ ಮೂರು ದಿನ ಮಕ್ಕಳು ಸಂತೋಷವಾಗಿ ಬಯಲಿನಲ್ಲಿದ್ದರು.

ಯಾಕೆ ಬೇಡ ಎಂದೆ ಎಂದು ಕೇಳಿದ್ದೀಯ. ನಿನಗೆ ಗಂಟಲು ಸೂಕ್ಷ್ಮ, ಚಾಕ್‌ಪೀಸಿನ ಧೂಳು ಆಗುವುದಿಲ್ಲ.

ಕ್ಲಾಸಿನಲ್ಲಿ ಮೊದಲ ದಿನ ಹಿಂದಿನ ಬೆಂಚಿನ ಗೋಡೆ ನೋಡಿ ಮಾತಾಡು, ಧ್ವನಿ ತಾನಾಗಿ ಏರುತ್ತದೆ. ಅಲ್ಲಿನವರು ಹೇಗೆ ಹೇಳುತ್ತಾರೋ ಹಾಗೆ ಮಾಡು. ಹೊಸಬಳು ನೀನು, ಎಲ್ಲದಕ್ಕೂ ಯಾಕೆ ಎನ್ನಬೇಡ.

ಎಂಟು ತಿಂಗಳು ಕಳೆದರೆ ನನ್ನ ಸರ್ವಿಸ್ಸೂ ಮುಗಿಯಿತು. ಕೊನೆಯ ದಿನ ಗಂಟೆಯನ್ನು ನಾನೇ ಹೊಡೆಯುತ್ತೇನೆಂದು ಈಗಲೇ ಹೇಳಿಟ್ಟಿದ್ದೇನೆ.

ಅಮ್ಮ


ಆಗಸ್ಟ್ 19

ಅಮ್ಮಾ,

ಏನೋ ಆಗಿಹೋಗಿದೆ. ಏನು ಆಗಿದೆ ಎಂದು ನನಗೇ ಪೂರ್ತಿ ಅರ್ಥವಾಗಿಲ್ಲ. ಮೊದಲಿನಿಂದ ಬರೆಯುತ್ತೇನೆ.

ನಿನಗೆ ಓದು ಹಾಳೆ ಗೊತ್ತೇ ಇದೆ. ಪ್ರತಿ ಮಗುವಿಗೂ ಇಲಾಖೆಯ ಒಂದು ಪುಟ ಕೊಟ್ಟು ಓದಿಸಬೇಕು, 'ಓದುತ್ತದೆ', 'ಓದುವುದಿಲ್ಲ', ಎರಡರಲ್ಲೊಂದಕ್ಕೆ ಗುರುತು ಹಾಕಬೇಕು. ಶುಕ್ರವಾರ ನಾಲ್ಕನೇ ಕ್ಲಾಸಿನ ಮಿಸ್ ಯಾವುದೋ ತರಬೇತಿಗೆ ಹೊರಟಿದ್ದರು. ಹೋಗುತ್ತಾ ಹೋಗುತ್ತಾ "ನೀನೇ ತುಂಬಿಸಿ ಹೆಡ್‌ಮಾಸ್ಟರಿಗೆ ಕೊಟ್ಬಿಡಮ್ಮ, ಎಲ್ಲಾ ಓದ್ತವೆ" ಎಂದರು.

ಪುಟ ಹಳದಿ ಕೊಡೆಯದ್ದು. 'ಒಂದು ಹಳದಿ ಕೊಡೆ ಬಸ್ಸಿನಲ್ಲಿ ಉಳಿದುಹೋಯಿತು' ಎಂದು ಶುರುವಾಗುತ್ತದೆ. ಮೊದಲಿಗೆ ಬಂದವಳು ಗುಬ್ಬಿ. ಕ್ಲಾಸಿನಲ್ಲೆಲ್ಲ ಚಿಕ್ಕವಳು, ಎಲ್ಲರೂ ಹಾಗೇ ಕರೆಯುತ್ತಾರೆ. ಎಷ್ಟು ಚೆನ್ನಾಗಿ ಓದಿದಳು ಎಂದರೆ, ನಿಲ್ಲಿಸುವಲ್ಲಿ ನಿಲ್ಲಿಸಿ, ಪ್ರಶ್ನೆ ಬಂದಲ್ಲಿ ಧ್ವನಿ ಏರಿಸಿ. ಆದರೆ ಅವಳ ಬೆರಳು ಚಿತ್ರದ ಮೇಲಿತ್ತು ಅಮ್ಮ. ಕೊಡೆಯ ಚಿತ್ರದ ಮೇಲೆ ಬೆರಳು ಓಡಾಡುತ್ತಿತ್ತು, ಬಾಯಿ ಓದುತ್ತಿತ್ತು. ನಾನು ಪುಟ ತಿರುಗಿಸಿ ಬೇರೆ ಪಾಠ ಇಟ್ಟೆ. ಅವಳು ಒಂದು ಕ್ಷಣವೂ ತಡೆಯದೆ, ಅದನ್ನು ನೋಡಿಕೊಂಡೇ, 'ಒಂದು ಹಳದಿ ಕೊಡೆ ಬಸ್ಸಿನಲ್ಲಿ' ಎಂದಳು.

ಆ ಪುಟ ನಾಲ್ಕು ವರ್ಷದಿಂದ ಬದಲಾಗಿಲ್ಲವಂತೆ. ಅಣ್ಣನಿಂದ ತಂಗಿಗೆ, ಅಕ್ಕನಿಂದ ತಮ್ಮನಿಗೆ ಬಾಯಲ್ಲೇ ಇಳಿದು ಬಂದಿದೆ. ಎಲ್ಲರಿಗೂ ಬೇರೆ ಪುಟ ಇಟ್ಟು ನೋಡಿದೆ. ಮಧ್ಯಾಹ್ನದವರೆಗೂ ಕೂತೆ. ಮೂವತ್ತೊಂದರಲ್ಲಿ ಒಂಬತ್ತು ಮಕ್ಕಳು ಓದಿದರು. ಹಾಗೇ ಗುರುತು ಹಾಕಿ ಕೊಟ್ಟೆ. ಹೆಡ್‌ಮಾಸ್ಟರ್ ಇರಲಿಲ್ಲ. ಇಲಾಖೆಯ ಚೀಲ ಒಯ್ಯುವವರು ಬಂದಿದ್ದರು, ಲಕೋಟೆಗೆ ಹಾಕಿ ಅಂಟಿಸಿ ಅವರ ಕೈಗೇ ಕೊಟ್ಟೆ. ನಿಜ ಹೇಳಬೇಕೆಂದರೆ, ಏನೋ ದೊಡ್ಡ ಕೆಲಸ ಮಾಡಿದ ಹಾಗೆ ಅನ್ನಿಸಿತು.

ಸೋಮವಾರ ಹೆಡ್‌ಮಾಸ್ಟರ್ "ಎಲ್ಲಿ ಹಾಳೆ?" ಎಂದರು. ಚೀಲಕ್ಕೆ ಹೋಯಿತು ಸರ್ ಎಂದೆ. "ಪೆನ್ಸಿಲಲ್ಲಿ ಬರೆದಿದ್ದು ಹಾಗೇ ಹೋಯ್ತಾ?" ಎಂದರು.

"ಇಲ್ಲ ಸರ್, ಪೆನ್ನಲ್ಲಿ ಬರ್ದಿದ್ದು."

ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಓದು ಹಾಳೆಯನ್ನು ಮೊದಲು ಪೆನ್ಸಿಲಿನಲ್ಲಿ ತುಂಬುವುದಂತೆ. ಈ ಸಲ ನೂರಕ್ಕೆ ಎಷ್ಟು ಬೇಕು ಎಂದು ಮೇಲಿನಿಂದ ಫೋನು ಬರುತ್ತದಂತೆ. ಅಷ್ಟು ಗುರುತುಗಳನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿ ಆಮೇಲೆ ಪೆನ್ನು ಹಿಡಿಯುವುದಂತೆ. "ಇಷ್ಟೂ ಗೊತ್ತಿಲ್ವಾ? ನಿಮ್ಮಮ್ಮನೂ ಹೆಡ್‌ಮಿಸ್ಸು ತಾನೆ?" ಎಂದರು.

ನನಗೆ ಹೇಗೆ ಗೊತ್ತಿರಬೇಕು? ನಮ್ಮ ಹಾಸ್ಟೆಲಿನಲ್ಲಿ ಐದನೇ ಕ್ಲಾಸಿಗೆ ಬಂದ ದಿನವೇ ಪೆನ್ಸಿಲ್, ರಬ್ಬರ್ ಎರಡನ್ನೂ ಕಿತ್ತುಕೊಂಡಿದ್ದರು. ಆಮೇಲೆ ಯಾರ ಡಬ್ಬಿಯಲ್ಲಾದರೂ ರಬ್ಬರ್ ಸಿಕ್ಕಿದರೆ ಪ್ರೇಯರಿನಲ್ಲಿ ನಿಲ್ಲಿಸುತ್ತಿದ್ದರು. ನನ್ನ ಕೈಗೆ ಪೆನ್ಸಿಲ್ ಬರುವುದೇ ಇಲ್ಲ.

ನಾನೇನು ತಪ್ಪು ಮಾಡಿದೆ ಅಮ್ಮ? ಬೇಗ ಬರೆ.

ನಿನ್ನ
ಮಗಳು


ಆಗಸ್ಟ್ 26

ಪುಟ್ಟೀ,

ಪೆನ್ನಿನಲ್ಲಿ ಯಾಕೆ ಬರೆದೆ?

ಯಾರಾದರೂ ಕೇಳಿದರೆ ಮಾತು ಬೆಳೆಸಬೇಡ. ಹೊಸಬಳು, ಗೊತ್ತಾಗಲಿಲ್ಲ ಎನ್ನು. ನನಗೆ ಇಲ್ಲಿ ಕೆಲಸವಿದೆ, ಇಷ್ಟೇ ಬರೆಯಲು ಆಗುತ್ತಿದೆ. ಪತ್ರ ತಿದ್ದಲು ಪುರುಸೊತ್ತಾಗಲಿಲ್ಲ.

ಅಮ್ಮ


ಸೆಪ್ಟೆಂಬರ್ 9

ಅಮ್ಮಾ,

ಹನ್ನೊಂದು ವರ್ಷದಲ್ಲಿ ನೀನು ತಿದ್ದದೆ ಬಿಟ್ಟ ಮೊದಲ ಪತ್ರ ಅದು. ಟೆನ್ಷನ್ ಮಾಡಿಕೊಳ್ಳಬೇಡ ಎಂದು ನೀನು ಬರೆಯಲಿಲ್ಲ, ಅದಕ್ಕೇ ಇನ್ನಷ್ಟು ಟೆನ್ಷನ್ ಆಯಿತು.

ನಿನ್ನೆ ಪ್ರಿನ್ಸಿಪಾಲ್ ಕರೆಸಿದ್ದರು. ಇಲಾಖೆಯ ಸಾಹೇಬರೂ ಇದ್ದರು. ನನ್ನ ಹಾಳೆ ಮೇಜಿನ ಮೇಲಿತ್ತು, ಅದರ ಮೇಲೊಂದು ಗಾಜಿನ ಗುಂಡು. ಬೈಯುತ್ತಾರೆ ಎಂದುಕೊಂಡು ಹೋದೆ. ಬೈಯಲಿಲ್ಲ. ಕೂರಿಸಿದರು, ಚಹಾ ತರಿಸಿದರು. ಹೆದರಿಕೆಯಾಗಿದ್ದು ಅದಕ್ಕೇ.

ಸಾಹೇಬರು, "ನೋಡಮ್ಮ, ಈ ಜಿಲ್ಲೆಯಲ್ಲಿ ನೂರಕ್ಕೆ ಎಂಬತ್ತೇಳು ಮಕ್ಕಳು ಓದ್ತಾರೆ ಅಂತ ನಾವು ಮೇಲಕ್ಕೆ ಬರ್ಕೊಟ್ಟಿದ್ದೀವಿ. ನಿನ್ನ ಕ್ಲಾಸಲ್ಲಿ ಮೂವತ್ತೊಂದಕ್ಕೆ ಒಂಬತ್ತು ಅಂದ್ರೆ ಯಾರು ನಂಬ್ತಾರೆ? ಇದೇ ಉಳಿದ್ರೆ ಎಲ್ಲಾ ಶಾಲೇಲೂ ಹೊಸ ಪುಟ ಇಟ್ಟು ಮತ್ತೆ ಓದಿಸ್ಬೇಕಾಗತ್ತೆ" ಎಂದರು. ಆಮೇಲೆ ಚಹಾ ಕುಡಿಯುತ್ತಾ, "ನಿಮ್ಮಮ್ಮಂದೂ ನಮ್ಮ ಜಿಲ್ಲೆನೇ ಅಲ್ವಾ? ಮಾರ್ಚ್‌ಗೆ ರಿಟೈರ್ಡು. ಉತ್ತಮ ಓದು ಶಾಲೆ ಅಂತ ಫಲಕ ಬೇರೆ ಕೊಟ್ಟಿದ್ದೀವಿ, ಒಳ್ಳೇ ಹೆಸ್ರಿದೆ" ಎಂದರು. ಅಷ್ಟೇ.

ಪ್ರಿನ್ಸಿಪಾಲ್ ದಾರಿ ತೋರಿಸಿದರು. ನಾನೊಂದು ಕ್ಷಮಾಪಣೆ ಪತ್ರ ಬರೆದುಕೊಡಬೇಕು. 'ನಾನು ಚಿಕ್ಕಂದಿನಿಂದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಓದಿದವಳು, ನಮ್ಮ ಭಾಷೆ ನನಗೇ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಮಕ್ಕಳ ಓದನ್ನು ಅಳೆಯುವುದರಲ್ಲಿ ನನ್ನಿಂದ ತಪ್ಪಾಯಿತು.' ಕೊಟ್ಟರೆ ಹಾಳೆ ರದ್ದು, ಮಿಸ್ ಹೊಸದು ತುಂಬುತ್ತಾರೆ, ನನ್ನ ಪ್ರಾಕ್ಟೀಸ್ ಮಾರ್ಕ್ಸ್ ನನಗೆ. ಕೊಡದಿದ್ದರೆ ಪ್ರಾಕ್ಟೀಸಿಗೆ ಸೊನ್ನೆ, ಒಂದು ವರ್ಷ ಹೋಯಿತು. ಮೂವತ್ತನೇ ತಾರೀಕಿನವರೆಗೆ ಟೈಮ್.

ನಾನು ಅಲ್ಲೇ ಕೂತು ಬರೆದೆ. ಪ್ರಿನ್ಸಿಪಾಲ್ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದರು.

"ಏನಮ್ಮ ಇದು?"

"ಯಾಕೆ ಸರ್?"

"ಭಾಷೆ ಬರಲ್ಲ ಅಂತ ಬರೆದಿದ್ದೀಯ, ಒಂದು ತಪ್ಪಿಲ್ಲವಲ್ಲ. ಇದನ್ನ ಯಾರು ನಂಬ್ತಾರೆ? ನಮ್ಮ ಆಫೀಸ್ ಗುಮಾಸ್ತನಿಗೂ ಹೀಗೆ ಬರೆಯಕ್ಕೆ ಬರಲ್ಲ. ಹೋಗು, ಒಂದಷ್ಟು ತಪ್ಪು ಹಾಕ್ಕೊಂಡು ಬಾ."

ನಗಬೇಡ ಅಮ್ಮ. ಎರಡು ಗಂಟೆ ಕೂತೆ. ಬೇಕೆಂದು ತಪ್ಪು ಬರೆಯುವುದು ಹೇಗೆಂದೇ ತಿಳಿಯಲಿಲ್ಲ. ಒಂದು ತಪ್ಪು ಬರೆದರೆ ಪಕ್ಕದಲ್ಲಿ ನಿನ್ನ ಕೆಂಪು ಗೆರೆ ಕಾಣುತ್ತಿತ್ತು, ಕೈ ತಾನಾಗಿ ತಿದ್ದಿಬಿಡುತ್ತಿತ್ತು. ಕಿಟಕಿಯನ್ನು ಕೇಳಿದೆ. "ನಂಗೆ ಯಾವ್ದು ತಪ್ಪು ಅಂತ ಗೊತ್ತಿದ್ರೆ ನಾನ್ಯಾಕೆ ಹೀಗೆ ಬರೀತಿದ್ದೆ?" ಎಂದಳು.

ಅದಕ್ಕೆ ನಿನಗೇ ಕಳಿಸುತ್ತಿದ್ದೇನೆ. ಇದರ ಜೊತೆ ಇದೆ. ಕೊಡುವುದಾದರೆ ತಪ್ಪು ಹಾಕಿ ಕಳಿಸು. ಕೊಡಬಾರದು ಎನ್ನುವುದಾದರೆ ಹಾಗೆಂದು ಬರೆ. ನೀನು ಹೇಗೆ ಹೇಳಿದರೆ ಹಾಗೆ.

ನಿನ್ನ
ಮಗಳು


ಸೆಪ್ಟೆಂಬರ್ 15

ಪುಟ್ಟೀ,

ಏಳು ತಪ್ಪು ಹಾಕಿದ್ದೇನೆ. ಇದಕ್ಕಿಂತ ಹೆಚ್ಚಾದರೆ ಬೇಕೆಂದು ಮಾಡಿದ್ದು ಎಂದು ತಿಳಿಯುತ್ತದೆ, ಕಡಿಮೆಯಾದರೆ ಸಾಲುವುದಿಲ್ಲ. ಕೆಂಪಿನಲ್ಲಿ ಇರುವುದನ್ನು ಹಾಗೇ ನೋಡಿಕೊಂಡು ಬೇರೆ ಹಾಳೆಯಲ್ಲಿ ನಕಲು ಮಾಡು, ಅದನ್ನು ಕೊಡು. ಈ ಹಾಳೆಯನ್ನು ಹರಿದುಬಿಡು, ಇಟ್ಟುಕೊಳ್ಳಬೇಡ.

ವರ್ಷ ಕಳೆದುಕೊಳ್ಳುವುದು ತಮಾಷೆಯಲ್ಲ. ಒಂದು ಕಾಗದ ತಾನೆ. ನಿನಗೆ ಭಾಷೆ ಬರುತ್ತದೆ ಎಂದು ನಿನಗೆ ಗೊತ್ತು, ನನಗೆ ಗೊತ್ತು, ಅಷ್ಟು ಸಾಕು. ಲೋಕವೆಲ್ಲ ಹೀಗೇ ನಡೆಯುತ್ತಿರುವಾಗ ನೀನೊಬ್ಬಳು ಹದಿನೆಂಟು ವರ್ಷದವಳು ಅಡ್ಡ ನಿಂತು ಏನು ಮಾಡುತ್ತೀಯ?

ಇಷ್ಟಕ್ಕೆ ಇಡೀ ಸಂಜೆ ಹಿಡಿಯಿತು. ತೆಗೆದು ಅಭ್ಯಾಸವಾದ ಕೈಗೆ ಹಾಕುವುದು ಒಗ್ಗಲಿಲ್ಲ. "ಏನೇ, ಒಂದೇ ಪುಟಾನ ಎಷ್ಟು ಹೊತ್ತು ನೋಡ್ತೀಯ?" ಎಂದು ನಿಮ್ಮಪ್ಪ ಎರಡು ಸಲ ಬಂದು ಹೋದರು. ಅವರಿಗೆ ಏನೂ ಹೇಳಿಲ್ಲ. ನೀನೂ ಭಾನುವಾರ ಫೋನಿನಲ್ಲಿ ಹೇಳಬೇಡ.

ಅಮ್ಮ


ಸೆಪ್ಟೆಂಬರ್ 21

ಅಮ್ಮಾ,

ನೀನು ಹೇಳಿದ ಹಾಗೆ ನಕಲು ಮಾಡಿಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ. ಟ್ರಂಕಿನಲ್ಲಿದೆ, ಅಪ್ಪನ ಬೀಗ ಹಾಕಿದ್ದೇನೆ. ನೀನು ಕಳಿಸಿದ ಹಾಳೆಯನ್ನು ಹರಿಯಲೂ ಇಲ್ಲ.

ಬೀಗ ಹಾಕುವ ಮೊದಲು ನನ್ನ ಹಳೆಯ ಪತ್ರಗಳ ಕಟ್ಟು ಬಿಚ್ಚಿ ಕೂತಿದ್ದೆ. ನೀನು ತಿದ್ದಿ ಕಳಿಸಿದ್ದೆಲ್ಲ ಇದೆ, ಒಂದೂ ಬಿಸಾಕಿಲ್ಲ. ನೀನು ಹಾಕಿದ ಏಳು ತಪ್ಪೂ ಅದರಲ್ಲಿ ಸಿಕ್ಕಿದವು. ಏಳೂ ನನ್ನವೇ. ಎಂಟು, ಒಂಬತ್ತು ವರ್ಷದವಳಾಗಿದ್ದಾಗ ಮತ್ತೆ ಮತ್ತೆ ಮಾಡುತ್ತಿದ್ದವು. ಪತ್ರಗಳು ನನ್ನ ಹತ್ತಿರ ಇವೆ, ನಿನ್ನ ಹತ್ತಿರ ಒಂದೂ ಇಲ್ಲ. ನನ್ನ ತಪ್ಪುಗಳು ನಿನಗೆ ಬಾಯಿಪಾಠವಾಗಿದ್ದವಾ?

ಒಂದು ವಿಷಯ ಹೇಳಬೇಕು. ಆ ಶುಕ್ರವಾರದಿಂದ ಗುಬ್ಬಿಯನ್ನೂ ಇನ್ನೂ ಐದಾರು ಮಕ್ಕಳನ್ನೂ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತಿದ್ದೇನೆ. ಯಾರೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ನೀನು ನನಗೆ ಮಾಡಿದ ಹಾಗೆಯೇ. ದಿನಕ್ಕೆ ಒಂದು ಸಾಲು ಅವರೇ ಬರೆಯುತ್ತಾರೆ, ನಾನು ಕೆಂಪಿನಲ್ಲಿ ತಿದ್ದಿ ಕೊಡುತ್ತೇನೆ. ಮೊನ್ನೆ ಗುಬ್ಬಿ ಮನೆಗೆ ಹೊರಟವಳು ಗೇಟಿನ ಹತ್ತಿರ ನಿಂತುಬಿಟ್ಟಳು. ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಎಂದಿದೆ. ಒಂದೊಂದೇ ಅಕ್ಷರ ಹಿಡಿದು, ಬಾಯಲ್ಲಿ ಅಗಿದು ಅಗಿದು, ಪೂರ್ತಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಮಿಸ್, ಇದು ಮೊದ್ಲಿಂದ್ಲೂ ಇಲ್ಲೇ ಇತ್ತಾ?"

ನಾಲ್ಕು ವರ್ಷ ದಿನಾ ಆ ಗೋಡೆಯ ಮುಂದೆಯೇ ಶಾಲೆಗೆ ಬಂದಿದ್ದಾಳೆ. ಹೊಸ ಹಾಳೆಯಲ್ಲಿ ಮಿಸ್ ಅವಳ ಹೆಸರಿನ ಮುಂದೆ 'ಓದುತ್ತದೆ' ಎಂದೇ ಗುರುತು ಹಾಕುತ್ತಾರೆ. ಹಾಕಿದ ಮೇಲೆ ಅವಳಿಗೆ ಕಲಿಸುವ ಕೆಲಸ ಯಾರಿಗೂ ಇರುವುದಿಲ್ಲ. ಓದುವ ಮಗುವಿಗೆ ಯಾರು ಓದು ಕಲಿಸುತ್ತಾರೆ?

ಇನ್ನು ಕೇಳುವುದನ್ನು ಕೇಳಿಬಿಡುತ್ತೇನೆ. ಎದುರಿಗಿದ್ದರೆ ಕೇಳಲು ಆಗುತ್ತಿರಲಿಲ್ಲ. ನಮ್ಮ ಮನೆಯಿಂದ ನಿನ್ನ ಶಾಲೆಗೆ ಐದು ನಿಮಿಷದ ದಾರಿ. ನನ್ನನ್ನು ಬಸ್ಸಿನಲ್ಲಿ ಆರು ಗಂಟೆ ದೂರ ಕಳಿಸಿದೆ. ಹೊರಡುವ ದಿನ ನಾನು ನಿನ್ನ ಸೆರಗು ಹಿಡಿದುಕೊಂಡು 'ನಿಮ್ ಸ್ಕೂಲಿಗೇ ಬರ್ತೀನಿ' ಎಂದು ಅತ್ತಿದ್ದು ನೆನಪಿದೆ. ನೀನು ಸೆರಗು ಬಿಡಿಸಿಕೊಂಡೆ. ಊರಿನ ಮಕ್ಕಳೆಲ್ಲ ಬರಬಹುದಾಗಿದ್ದ ಶಾಲೆಗೆ ನಾನೊಬ್ಬಳು ಯಾಕೆ ಬರಬಾರದಾಗಿತ್ತು?

ಅಮ್ಮ, ನಿನ್ನ ಹಾಳೆಯೂ ಪೆನ್ಸಿಲಿನದಾ?

ಮಗಳು


ಸೆಪ್ಟೆಂಬರ್ 27

ಪುಟ್ಟೀ,

ಪೆನ್ಸಿಲಿನದೇ.

ಈ ಒಂದು ಮಾತು ಬರೆಯಲು ನಾಲ್ಕು ದಿನ ತಗೊಂಡೆ. ಮೇಜಿನ ಎಡಗಡೆ ಡ್ರಾಯರಿನಲ್ಲಿ ಒಂದು ಪೆನ್ಸಿಲ್, ಒಂದು ರಬ್ಬರ್ ಬೇರೆಯೇ ಇಟ್ಟಿರುತ್ತೇನೆ, ಆ ಕೆಲಸಕ್ಕೆ ಮಾತ್ರ. ಎಷ್ಟು ವರ್ಷದಿಂದ ಎಂದು ಕೇಳಬೇಡ. ಮೊದಲ ಸಲ ಇಬ್ಬರು ಮಕ್ಕಳನ್ನು ಆ ಕಡೆಯಿಂದ ಈ ಕಡೆಗೆ ದಾಟಿಸಿದೆ, ಹೇಗೂ ಮುಂದಿನ ತಿಂಗಳೊಳಗೆ ಕಲಿಸಿಬಿಡುತ್ತೇನೆ ಎಂದುಕೊಂಡು. ಮುಂದಿನ ತಿಂಗಳು ಎಣಿಕೆ ಬಂತು. ಆಮೇಲೆ ಇಬ್ಬರು ನಾಲ್ಕಾದರು. ಆಮೇಲೆ ಎಷ್ಟು ಬೇಕು ಎಂದು ಫೋನಿನಲ್ಲಿ ಕೇಳುವುದಕ್ಕೆ ಮುಂಚೆಯೇ ನನ್ನ ಕೈಗೆ ಗೊತ್ತಾಗುತ್ತಿತ್ತು.

ನಿನ್ನನ್ನು ಯಾಕೆ ಕಳಿಸಿದೆ ಎಂದರೆ, ನನ್ನ ಶಾಲೆಯಲ್ಲಿ ಏನು ನಡೆಯುತ್ತದೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗಂಟಲು ಸೂಕ್ಷ್ಮ ಎಂದಿದ್ದೆಲ್ಲ ಸುಳ್ಳು. ಅಡುಗೆ ಮಾಡಿದವಳೇ ತನ್ನ ಮಗುವಿಗೆ ಮಾತ್ರ ಬೇರೆ ಮನೆಯಲ್ಲಿ ಊಟ ಹಾಕಿಸಿದ ಹಾಗೆ. ಯಾರೂ ಕೇಳಲಿಲ್ಲ. ಎಲ್ಲರೂ 'ಮಿಸ್ಸಿನ ಮಗಳು ಇಂಗ್ಲಿಷ್ ಶಾಲೆ' ಎಂದು ಹೊಗಳಿದರು.

ನೀನು ಆ ಶಾಲೆಯಲ್ಲಿದ್ದಷ್ಟು ದಿನ ವಾರಕ್ಕೊಂದು ಸಂಜೆ ನಿನ್ನ ಒಂದು ಪುಟಕ್ಕೆ ಒಂದು ಗಂಟೆ ಕೊಡುತ್ತಿದ್ದೆ. ಹನ್ನೊಂದು ವರ್ಷ, ಒಂದು ವಾರವೂ ತಪ್ಪಿಸಲಿಲ್ಲ. ನನ್ನ ಕ್ಲಾಸಿನ ಯಾವ ಮಗುವಿನ ಪುಟಕ್ಕೂ ಅಷ್ಟು ಹೊತ್ತು ಕೊಟ್ಟಿಲ್ಲ ಪುಟ್ಟೀ. ನಿನ್ನ ತಪ್ಪುಗಳು ಬಾಯಿಪಾಠ ಇವೆ, ಹೌದು. ಅವರ ತಪ್ಪುಗಳು ಯಾವುವು ಎಂದು ಕೇಳಿದರೆ ನನಗೆ ಒಂದೂ ಗೊತ್ತಿಲ್ಲ. ಆ ಏಳನ್ನೂ ನೀನು ಒಂದೊಂದಾಗಿ ದಾಟಿ ಬಂದಿದ್ದೆ. ಮೊನ್ನೆ ನಾನೇ ಹುಡುಕಿ ತೆಗೆದು ಮತ್ತೆ ನಿನ್ನ ಮೇಲೆ ಹೊರಿಸಿದೆ. ಮಗಳ ವರ್ಷ ಉಳಿಯಲಿ ಎಂದು ಮಾಡಿದೆ ಅಂದುಕೊಂಡಿದ್ದೆ. ನನ್ನ ಮಾರ್ಚ್ ತಿಂಗಳೂ ಅದರಲ್ಲಿತ್ತು.

ನಿನ್ನ ಪತ್ರ ಬಂದ ಮಾರನೆಯ ದಿನ ಐದನೇ ಕ್ಲಾಸಿಗೆ ಹೋದೆ. ಹಳದಿ ಕೊಡೆಯ ಪುಟವನ್ನು ಪಕ್ಕಕ್ಕಿಟ್ಟು, ನಾನೇ ಬರೆದ ಆರು ಸಾಲು ಓದಿಸಿದೆ. ನಮ್ಮ ಶಾಲೆಯ ಹಿಂದಿನ ಬಾವಿಯ ಬಗ್ಗೆ. ಇಪ್ಪತ್ತಾರು ಮಕ್ಕಳಲ್ಲಿ ಏಳು ಮಕ್ಕಳು ಓದಿದರು. ಒಬ್ಬಳು ಕೊಡೆಯ ಪುಟ ಹುಡುಕಿ ತಂದು, "ಮಿಸ್, ಇದಾದ್ರೆ ಓದ್ತೀನಿ" ಎಂದು ಕೈಗೆ ಕೊಟ್ಟಳು.

ಪೆನ್ನಿನಲ್ಲಿ ಬರೆದೆ. ಕಳೆದ ಸಲದ ಹಾಳೆಯಲ್ಲಿ ಇಪ್ಪತ್ತಮೂರು ಎಂದು ಬರೆದವಳೂ ನಾನೇ ಎಂದು ಕೆಳಗೆ ಸೇರಿಸಿದೆ. ನಿನ್ನೆ ಬೆಳಿಗ್ಗೆ ಚೀಲಕ್ಕೆ ಹಾಕಿಯಾಯಿತು. ಆದ್ದರಿಂದ ನನ್ನನ್ನು ಉಳಿಸಲು ನೀನೇನೂ ಕೊಡಬೇಕಾಗಿಲ್ಲ, ಉಳಿಸುವುದು ಏನೂ ಉಳಿದಿಲ್ಲ. ನಿನ್ನ ವರ್ಷದ ವಿಷಯ ನಿನಗೆ ಬಿಟ್ಟಿದ್ದು. ಹೀಗೆ ಮಾಡು ಎಂದು ಈ ಸಲ ಹೇಳುವುದಿಲ್ಲ.

ನಿಮ್ಮಪ್ಪನಿಗೆ ಎಲ್ಲ ಹೇಳಿದೆ. "ಬ್ರೇಕ್ ಇಲ್ಲದ ಬಸ್ಸಿಗೆ ಸರಿ ಇದೆ ಅಂತ ಸೈನ್ ಹಾಕಿದ್ರೆ ನನ್ನ ಜೈಲಿಗೆ ಹಾಕ್ತಾರೆ. ನಿಮಗೆ ಫಲಕ ಕೊಡ್ತಾರಾ?" ಎಂದರು. ಕೋಪದಲ್ಲಿ ಹೇಳಿದ್ದಲ್ಲ. ಕೋಪದಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಫಲಕ ಇನ್ನೂ ಗೋಡೆಯ ಮೇಲೇ ಇದೆ. ತೆಗೆಯಲು ಸ್ಟೂಲು ಬೇಕು.

ಅಮ್ಮ


ಅಕ್ಟೋಬರ್ 4

ಅಮ್ಮಾ,

ನಿನ್ನ ಪತ್ರ ಬಂದದ್ದು ಒಂದನೇ ತಾರೀಕು ಮಧ್ಯಾಹ್ನ. ನಾನು ಮೂವತ್ತರಂದು ಕೊಟ್ಟುಬಿಟ್ಟಿದ್ದೆ.

ಏಳು ತಪ್ಪುಗಳದ್ದನ್ನೇ ಕೊಟ್ಟೆ. ಭಾನುವಾರ ಫೋನಿನಲ್ಲಿ ನೀನು ಊಟ, ಎಣ್ಣೆ ಎಂದೇ ಮುಗಿಸಿದೆ, ನನಗೂ ಕೇಳಲು ಬಾಯಿ ಬರಲಿಲ್ಲ. ಕೊನೆಯ ದಿನ ಸಂಜೆಯವರೆಗೂ ನಿನ್ನ ಉತ್ತರಕ್ಕೆ ಕಾದೆ. ಪೋಸ್ಟ್ ಬಂತು, ನನ್ನ ಹೆಸರಿಗೆ ಏನೂ ಇರಲಿಲ್ಲ. ಅಮ್ಮನಿಗೆ ಕೋಪ ಬಂದಿದೆ, ಹಾಗೆ ಕೇಳಬಾರದಿತ್ತು ಎಂದುಕೊಂಡೆ. ನೀನು ಗಂಟೆ ಹೊಡೆಯುವುದು ಕಣ್ಣ ಮುಂದೆ ಬಂತು. ಟ್ರಂಕ್ ತೆಗೆದೆ, ತಗೊಂಡು ಹೋಗಿ ಕೊಟ್ಟೆ. ಪ್ರಿನ್ಸಿಪಾಲ್ ಓದಿ, "ಹಾಂ, ಈಗ ಸರಿಯಾಯ್ತು" ಎಂದರು. ನಿನಗೋಸ್ಕರ ಕೊಟ್ಟೆ ಅಮ್ಮ. ಆ ಹೊತ್ತಿಗೆ ನೀನು ನಿನ್ನದನ್ನು ಚೀಲಕ್ಕೆ ಹಾಕಿ ನಾಲ್ಕು ದಿನವಾಗಿತ್ತು.

ನನ್ನ ಹಾಳೆ ಸುಳ್ಳಾಯಿತು, ನಿನ್ನದು ಒಂಟಿಯಾಯಿತು. ನಾಳೆ ನನ್ನ ಆ ಕ್ಷಮಾಪಣೆ ಪತ್ರ ಹಿಡಿದುಕೊಂಡು, 'ವಯಸ್ಸಾಯ್ತು, ಮಿಸ್ಸಿಗೆ ತಲೆ ಸರಿಯಿಲ್ಲ' ಎಂದು ನಿನ್ನಿಂದಲೂ ಒಂದು ಕ್ಷಮಾಪಣೆ ಬರೆಸಿಕೊಳ್ಳುತ್ತಾರೆ. ತಪ್ಪು ಹಾಕಿಕೊಡಲು ನಿನಗೆ ಯಾರಿದ್ದಾರೆ?

ಅವತ್ತೇ ಉಳಿದ ಕ್ಲಾಸ್ ಬಿಟ್ಟು ಲೈಬ್ರರಿಯ ಹಿಂದಿನ ಬೆಂಚಿನಲ್ಲಿ ಕೂತು ಇನ್ನೊಂದು ಪತ್ರ ಬರೆದೆ. ಪ್ರಿನ್ಸಿಪಾಲರಿಗೊಂದು, ಸಾಹೇಬರಿಗೆ ಅದರದೇ ಇನ್ನೊಂದು ಪ್ರತಿ. ಮೊದಲಿನ ಪತ್ರದಲ್ಲಿ ನಾನು ಬರೆದದ್ದು ನಿಜವಲ್ಲ, ನನಗೆ ಓದಲು ಬರೆಯಲು ಬರುತ್ತದೆ, ನಮ್ಮಮ್ಮ ಕಲಿಸಿದ್ದಾರೆ, ಮೂವತ್ತೊಂದು ಮಕ್ಕಳಲ್ಲಿ ಒಂಬತ್ತು ಮಕ್ಕಳೇ ಅವತ್ತು ಓದಿದ್ದು, ಈಗ ಹತ್ತು ಆಗಿದ್ದಾರೆ ಎಂದು ಬರೆದೆ. ಹತ್ತನೆಯವಳು ಗುಬ್ಬಿ. ಬೇಕಾದರೆ ಯಾವ ಪುಟವನ್ನಾದರೂ ತಂದು ಓದಿಸಿ ನೋಡಿ, ಮೊದಲು ನನಗೇ ಓದಿಸಿ ಎಂದೂ ಬರೆದೆ.

ಅದನ್ನು ನಿನಗೆ ಕಳಿಸಿ, ನೀನು ನೋಡಿ, ವಾಪಸ್ ಬಂದು, ಆಮೇಲೆ ಕೊಡುವುದೆಂದರೆ ಹತ್ತು ದಿನ. ಕಾಯಲಿಲ್ಲ. ಇದರ ಜೊತೆಗೂ ಅದರ ಪ್ರತಿ ಇಟ್ಟಿಲ್ಲ. ಹುಡುಕಬೇಡ.

ಸೋಮವಾರ ಸಾಹೇಬರು ಹೊಸ ಪುಟ ತರುತ್ತಾರಂತೆ. ನಿನ್ನ ಶಾಲೆಗೆ ಬುಧವಾರ ಎಂದು ಆಫೀಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನ ಮಾರ್ಕ್ಸ್ ಏನಾಗುತ್ತದೆ ಎಂದು ಯಾರೂ ಹೇಳುತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಊಟ ಸೇರುತ್ತಿಲ್ಲ, ಬೈಯಬೇಡ. ನಾಲ್ಕನೇ ಕ್ಲಾಸಿನ ಮಿಸ್ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಾರೆ. ನಿನ್ನೆ ಮಾತ್ರ, ಶಾಲೆ ಬಿಟ್ಟ ಮೇಲೆ ನಾನು ಮಕ್ಕಳನ್ನು ಕೂರಿಸಿಕೊಂಡಿದ್ದಾಗ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಒಳಗೆ ಬಂದು ಕೊನೆಯ ಬೆಂಚಿನ ಇಬ್ಬರನ್ನು ತಮ್ಮ ಕಡೆ ಕೂರಿಸಿಕೊಂಡರು.

ಪ್ರಿನ್ಸಿಪಾಲ್ ನನ್ನ ಪತ್ರವನ್ನು ನಿಂತುಕೊಂಡೇ ಓದಿದರು. ಚಹಾ ತರಿಸಲಿಲ್ಲ. ಮುಗಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದನ್ನ ಯಾರು ತಿದ್ದಿಕೊಟ್ರು?"

"ಯಾರೂ ಇಲ್ಲ ಸರ್."

"ಗೊತ್ತಾಗತ್ತೆ. ಎರಡು ಕಡೆ ತಪ್ಪಿದೆ."

"ಇರಲಿ ಸರ್," ಎಂದೆ. "ಅವು ನಾನೇ ಮಾಡಿದ್ದು."

ನಿನ್ನ
ಮಗಳು